ಅರ್ಧ ಕಿವುಡು

ಮಗ್ಗದ ಮೇಸ್ತ್ರಿಗೆ ತನ್ನ ಕಿವಿಗಳ ಮೇಲೆ ಸಿಟ್ಟಿದ್ದದ್ದು ಅವು ಕೆಟ್ಟವು ಎಂದಲ್ಲ, ಪೂರ್ತಿ ಕೆಡಲಿಲ್ಲವಲ್ಲ ಎಂದು. ಬಟ್ಟೆ ಗಿರಣಿಯಲ್ಲಿ ಆಯುಸ್ಸು ಸವೆಸಿದವರ ಕಿವಿ ಹೋಗುವುದು ವಾಡಿಕೆ. ಹೋದ ಕಿವಿಗೆ ಕಾರ್ಮಿಕರ ನಿವೃತ್ತಿ ನಿಧಿಯಿಂದ ಪರಿಹಾರ ಸಿಗುವುದೂ ವಾಡಿಕೆ. ಅವನ ಜೊತೆಯಲ್ಲೇ ಕೆಲಸಕ್ಕೆ ಸೇರಿದ್ದ, ಎಲ್ಲರೂ ಬಾಬಿನ್ ಎಂದು ಕರೆಯುತ್ತಿದ್ದ ಸಣಕಲು ಗೆಳೆಯನಿಗೆ ಎರಡೂ ಕಿವಿಗೆ ಸೇರಿಸಿ ಒಳ್ಳೆಯ ಗಂಟೇ ಬಂತು. ಮೇಸ್ತ್ರಿಯ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದ ಡಾಕ್ಟರು ಮಾತ್ರ, "ನಿಮ್ಮದು ಅರ್ಧ ಹೋಗಿದೆ ಅಷ್ಟೇ. ಅರ್ಧಕ್ಕೆ ಏನೂ ಬರಲ್ಲ," ಎಂದು ಪಾಸಾದ ಹುಡುಗನಿಗೆ ತಟ್ಟುವ ಹಾಗೆ ಬೆನ್ನು ತಟ್ಟಿ ಕಳಿಸಿದರು.

"ಇನ್ನೆರಡು ವರ್ಷ ಮಗ್ಗಕ್ಕೆ ಕಿವಿಕೊಟ್ಟು ನಿಂತ್ಕೊಳೋ! ನನ್ನ ಥರ ಅದೃಷ್ಟವಂತ ಆಗ್ತೀಯ!" ಎಂದು ಬಾಬಿನ್ ಕ್ಯಾಂಟೀನು ಬಿರಿಯುವಂತೆ ಕೂಗಿ, ಎಲ್ಲರಿಗೂ ಚಹಾ ಕೊಡಿಸಿದ. ಮೇಸ್ತ್ರಿ ನಕ್ಕು ಕುಡಿದ. ಆ ಚಹಾ ಅವನ ಹೊಟ್ಟೆಯಲ್ಲಿ ಬಹಳ ಕಾಲ ಉಳಿಯಿತು.

ಅದೇ ನಿಧಿಗೆ ಕಾರ್ಮಿಕರ ಕಡೆಯ ಟ್ರಸ್ಟಿಯಾಗಿ ಅವನನ್ನು ಆರಿಸಿದರು. ಸಂಬಳವಿಲ್ಲದ ಹುದ್ದೆ, ಸಭೆಗೆ ಹೋದರೆ ಬಿಸ್ಕತ್ತು. ಹೊಸ ಟ್ರಸ್ಟಿಗಳಿಗೆ ಬುದ್ಧಿ ಹೇಳಲು ವಕೀಲರೊಬ್ಬರು ಬಂದಿದ್ದರು. ಟ್ರಸ್ಟಿಯೆಂದರೆ ಬೇರೆಯವರ ಮುಪ್ಪಿಗೆ ಕಾವಲು ಕೂತವನು, ಜೊತೆಯವನು ನಿಧಿ ನುಂಗುವುದು ಗೊತ್ತಿದ್ದೂ ಸುಮ್ಮನಿದ್ದರೆ ನುಂಗಿದವನಷ್ಟೇ ಹೊಣೆ, ಸ್ವಂತ ಮನೆ ಮಾರಿಯಾದರೂ ತುಂಬಿಕೊಡಬೇಕು, ಜೈಲೂ ತಪ್ಪದು ಎಂದರು. ಉಳಿದವರು ಆಕಳಿಸಿದರು. ಮೇಸ್ತ್ರಿ ಮಾತ್ರ ಕಿವಿ ನಿಮಿರಿಸಿ ಕೇಳಿದ, ಅದರಲ್ಲೂ ಒಂದೇ ಪದವನ್ನು: ಗೊತ್ತಿದ್ದೂ.

ಹಾಗಾದರೆ ಗೊತ್ತಿಲ್ಲದವನು? ಅವನದು ಹೆಚ್ಚೆಂದರೆ ಅಸಡ್ಡೆ. ಅಸಡ್ಡೆಗೆ ಬೈಗುಳ, ಕೇಳಿಸಿಕೊಂಡವನಿಗೆ ಬೇಡಿ.

ನಿಧಿಯ ಅಧ್ಯಕ್ಷ ಒಂದು ದಿನ ಮೆಟ್ಟಿಲ ತಿರುವಿನಲ್ಲಿ ಅವನನ್ನು ನಿಲ್ಲಿಸಿ, ತನ್ನ ಭಾವಮೈದುನ ಕಟ್ಟುತ್ತಿರುವ ಗೋದಾಮಿಗೆ ನಿಧಿಯ ಹಣ ಹಾಕುವ ಮಾತೆತ್ತಿದ. ಗೋದಾಮು ಎಂದೂ ಮೇಲೇಳುವುದಿಲ್ಲ ಎನ್ನುವುದು ಇಬ್ಬರಿಗೂ ಹೇಳದೆಯೇ ತಿಳಿಯಿತು. "ನೀವು ಕೈ ಎತ್ತಿದ್ರೆ ಸಾಕು. ನಿಮ್ಮ ಪಾಲು ನಿಮಗೆ," ಎಂದ ಅಧ್ಯಕ್ಷ. ಮೇಸ್ತ್ರಿ ಸ್ವಲ್ಪ ಕಾಲಾವಕಾಶ ಕೇಳಿದ. ಆ ಕಾಲವನ್ನು ಅವನು ಕಿವುಡನಾಗಲು ಬಳಸಿಕೊಂಡ.

ಅವಸರ ಮಾಡಲಿಲ್ಲ. ಕಿವುಡು ಸಾಲದ ಹಾಗೆ, ತಾನಾಗಿ ಬೆಳೆದಂತೆ ಕಾಣಬೇಕು. ಮೊದಲು ಬಾಗಿಲ ಗಂಟೆ ಕೇಳಿಸದಂತಾಯಿತು, ಆಮೇಲೆ ಫೋನು, ಆಮೇಲೆ ಬೆನ್ನ ಹಿಂದಿನ ಮಾತು. ಪಾಠಕ್ಕೆ ಬಾಬಿನ್ ಇದ್ದೇ ಇದ್ದ. ಅವನು ತಲೆ ಓರೆ ಮಾಡುವ ಬಗೆ, ಉಳಿದವರು ನಕ್ಕ ಮೇಲೆ ತಡವಾಗಿ ನಗುವುದು, ಏನು ಕೇಳಿದರೂ ಮೊದಲು ಹೂಂ ಅಂದುಬಿಡುವುದು, ಎಲ್ಲವನ್ನೂ ಮೇಸ್ತ್ರಿ ಎದುರು ಕೂತು ಕಲಿತ. ಬಾಬಿನ್ ಬಾಯಿ ತೆರೆದನೆಂದರೆ ಮಾತ್ರ ತಲೆನೋವು ಶುರುವಾಗಿ, ಆ ದಿನದ ಪಾಠ ಮುಗಿಸಿ ಎದ್ದುಬಿಡುತ್ತಿದ್ದ. ಬೆನ್ನ ಹಿಂದೆ ಲೋಟ ಬಿದ್ದರೆ ರೆಪ್ಪೆಯೂ ಅಲುಗದಂತೆ ಅಭ್ಯಾಸ ಮಾಡಿದ. ಆಸ್ಪತ್ರೆಯ ಪರೀಕ್ಷೆಯಲ್ಲಿ ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕಿದ್ದವನು ತಾನೇ, ಒತ್ತಲಿಲ್ಲ. ಪರಿಹಾರ ಮಾತ್ರ ಬೇಡ ಎಂದ. ಬಿಟ್ಟಿ ಕಿವುಡನನ್ನು ಯಾರೂ ಅನುಮಾನಿಸುವುದಿಲ್ಲ ಎಂಬುದು ಅವನ ಲೆಕ್ಕಾಚಾರ, ಅದು ಸರಿಯಾಗಿಯೂ ಇತ್ತು.

ಸಭೆಯಲ್ಲಿ ಅಧ್ಯಕ್ಷ ಗೋದಾಮಿನ ವಿಷಯ ಓದಿದ. ಮೇಸ್ತ್ರಿ ಕಿಟಕಿಯಾಚೆಯ ಪಾರಿವಾಳ ನೋಡುತ್ತ, ಎಲ್ಲರೂ ಕೈ ಎತ್ತಿದ ಮೇಲೆ ತಡವಾಗಿ ತಾನೂ ಎತ್ತಿದ. ಪಾಪ ಎಂದು ಯಾರೋ ಅಂದರು. ಅದೂ ಕೇಳಿಸಿತು. ಅವನ ಪಾಲು ಅಟ್ಟದ ಮೇಲಿನ ಹಳೆಯ ಹಾಸಿಗೆಯ ಹತ್ತಿಯೊಳಗೆ ಸೇರಿತು.

ಒಂದನ್ನು ಮಾತ್ರ ಅವನು ಮೊದಲೇ ಎಣಿಸಿರಲಿಲ್ಲ: ಮನೆಯಲ್ಲೂ ಕಿವುಡನಾಗಿರಬೇಕು. ಹೆಂಡತಿ ಬಾಯಿಬಡುಕಿ. ಮೊದಮೊದಲು ಅವನ ಭುಜ ಅಲ್ಲಾಡಿಸಿ ಬೀದಿಯ ಸುದ್ದಿಯೆಲ್ಲ ಕಿವಿಯಲ್ಲಿ ಕಿರುಚುತ್ತಿದ್ದಳು. ಆಮೇಲೆ ಅನ್ನಕ್ಕೆ, ಸ್ನಾನಕ್ಕೆ ಕೈಸನ್ನೆ. ಕೊನೆಗೆ ಅವನ ಎದುರೇ ಒಬ್ಬಳೇ ಮಾತಾಡಿಕೊಳ್ಳತೊಡಗಿದಳು. ಒಂದು ಮಧ್ಯಾಹ್ನ ಅವನು ಊಟ ಮಾಡುತ್ತಿದ್ದಾಗ ಅಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದಳು.

"ಮೆಟ್ಟಿಲು ಹತ್ತಿದ್ರೆ ಎದೆ ಹಿಡ್ಕೊಳ್ಳುತ್ತೆ ಕಣೇ ಅಕ್ಕಾ. ಇಲ್ಲ, ಇವರಿಗೆ ಹೇಳಿಲ್ಲ. ಹೇಗೆ ಹೇಳ್ಲಿ? ಇವರಿಗೆ ಕೇಳೋ ಹಾಗೆ ಹೇಳೋಷ್ಟು ಉಸಿರಿದ್ರೆ ಕಾಯಿಲೆನೇ ಇಲ್ಲ ಅಂತಾಯ್ತಲ್ಲ!" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಮೇಸ್ತ್ರಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ತಿರುಗಿದರೆ ಅಷ್ಟು ಕಾಲದ ಕೆಲಸ ಹಾಳು. ನಾಲ್ಕು ದಿನ ಬಿಟ್ಟು, ನೋಡಿಯೇ ತಿಳಿದವನಂತೆ, "ಮುಖ ಬಾಡಿದೆಯಲ್ಲೇ, ಡಾಕ್ಟರ ಹತ್ರ ಹೋಗೋಣ," ಎನ್ನುವುದು ಎಂದು ನಿಶ್ಚಯಿಸಿ ತುತ್ತು ನುಂಗಿದ. ಯೋಜನೆಯಲ್ಲಿ ತಪ್ಪೇನೂ ಇರಲಿಲ್ಲ. ಅವಳು ಮೂರನೆಯ ದಿನ ಹೋದಳು. ಸಾವಿನ ಮನೆಗೆ ಬಂದ ಬಾಬಿನ್ ಅವನ ಕೈ ಹಿಡಿದುಕೊಂಡು, "ಕೊನೇ ಮಾತೂ ಕೇಳಿಸ್ಲಿಲ್ವೇನೋ ನಿನಗೆ!" ಎಂದು ಬೀದಿಗೆಲ್ಲ ಕೇಳುವಂತೆ ಅತ್ತ.

ಗೋದಾಮು ಬಿದ್ದುಹೋಯಿತು ಎಂದರು, ಎದ್ದಿದ್ದರಲ್ಲವೇ ಬೀಳಲು. ನಿಧಿ ಬರಿದಾಯಿತು. ತಿಂಗಳ ಪಿಂಚಣಿ ನಿಂತ ಬಾಬಿನ್, ಊದಿದ ಮಂಡಿಗಳನ್ನು ಹೊತ್ತು ಮಾರುಕಟ್ಟೆಯ ಮುಂದೆ ಸೈಕಲ್ಲು ಕಾಯಲು ನಿಂತ. ಸಿಕ್ಕಿಬಿದ್ದ ಅಧ್ಯಕ್ಷ, "ಮೇಸ್ತ್ರಿಗೆ ಎಲ್ಲಾ ಗೊತ್ತಿತ್ತು," ಎಂದ. ಮೆಟ್ಟಿಲ ತಿರುವಿಗೆ ಸಾಕ್ಷಿಯಿರಲಿಲ್ಲ. ಉಳಿದ ಟ್ರಸ್ಟಿಗಳೆಲ್ಲ ಮೇಸ್ತ್ರಿಯ ಕಿವುಡಿಗೆ ಸಾಕ್ಷಿ ಹೇಳಿದರು.

ವಿಚಾರಣೆಗೆ ಬಂದ ಅಧಿಕಾರಿಣಿ ಚುರುಕು. ಅವನ ಹಿಂದೆ ಕುರ್ಚಿ ಕೆಡವಿಸಿದಳು. ಅವನು ಅಲುಗಲಿಲ್ಲ. ಬೆನ್ನ ಹಿಂದೆ ಬಂದು ಮೆಲ್ಲಗೆ, "ನಿಮ್ಮ ಮನೆಗೆ ಬೆಂಕಿ ಬಿದ್ದಿದೆಯಂತೆ," ಎಂದಳು. ಬಿದ್ದರೆ ಬೀಳಲಿ, ಒಳಗೆ ಯಾರಿದ್ದಾರೆ ಎಂದುಕೊಂಡು ಅವನು ಗೋಡೆ ನೋಡುತ್ತ ಕೂತ. ಆಕೆ ಸೋತು ಎದುರಿಗೆ ಬಂದು, ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಪ್ರಶ್ನೆ ಕೇಳಿದಳು. ಅವನು ಸಾವಧಾನವಾಗಿ, ತಗ್ಗಿದ ದನಿಯಲ್ಲಿ, ದುಃಖಕ್ಕೆ ತಕ್ಕಂತೆ ಉತ್ತರ ಕೊಟ್ಟ. ಇನ್ನು ಒಬ್ಬನ ಹೇಳಿಕೆ ಮುಗಿದರೆ ಮನೆಗೆ ಹೋಗಬಹುದಿತ್ತು.

ಆ ಒಬ್ಬ ಬಾಬಿನ್. ತಾನಾಗಿಯೇ ಗೆಳೆಯನ ಪರವಾಗಿ ಬಂದಿದ್ದ. "ಬಿಟ್ಬಿಡೀಮ್ಮಾ ಇವನ್ನ! ನನ್ನ ಹಾಗೇ ಕಿವುಡ, ಪಾಪ! ಹೆಂಡ್ತಿ ನರಳಿದ್ದೂ ಕೇಳಿಸ್ಲಿಲ್ಲ ಇವನಿಗೆ, ನಮ್ಮ ದುಡ್ಡು ಹೋದ ಸದ್ದು ಕೇಳಿಸುತ್ತಾ?" ಎಂದು ಮೇಜು ಹಿಡಿದು ನಿಂತು ಕೂಗಿದ. ಅವನ ಕಾಲುಗಳು ನಡುಗುತ್ತಿದ್ದವು. ಮೇಸ್ತ್ರಿ ಅವನ ಕಡೆ ಕುರ್ಚಿ ಸರಿಸಿ, ಅದೇ ತಗ್ಗಿದ ದನಿಯಲ್ಲಿ, "ಕೂತ್ಕೊಳೋ, ಮಂಡಿ ನೋಯುತ್ತೆ," ಎಂದ. ಬಾಬಿನ್ ಕಿವಿಗೆ ಅಂಗೈ ಒಡ್ಡಿ ಬಾಗಿದ. "ಏನಂದೆ? ಜೋರಾಗಿ ಹೇಳೋ! ಮೊದಲು ನೀನು ನನಗೋಸ್ಕರ ಕೂಗ್ತಿದ್ದೆ, ನಿನ್ನ ಕಿವಿ ಹೋದಾಗಿಂದ ನಿನ್ನ ಒಂದು ಮಾತೂ ನನಗೆ ಕೇಳಿಸಿಲ್ಲ ನೋಡು!" ಎಂದು ರೇಗಿ, ಅಧಿಕಾರಿಣಿಯ ಕಡೆ ತಿರುಗಿ ತಮಾಷೆಯಾಗಿ ದೂರು ಹೇಳಿದ: "ನಮ್ಮ ದನಿ ನಮಗೇ ಕೇಳಲ್ವಲ್ಲಮ್ಮಾ, ಅದಕ್ಕೇ ಗಿರಣಿ ಕಿವುಡ್ರೆಲ್ಲಾ ಕಿರುಚ್ತೀವಿ. ಪಿಸುಗುಟ್ಟೋ ಕಿವುಡ ಅಂದ್ರೆ ಇವನೊಬ್ನೇ..." ಮಾತು ಅಲ್ಲಿಗೇ ನಿಂತಿತು. ಬಾಬಿನ್ ಗೆಳೆಯನ ಮುಖವನ್ನೇ ನೋಡುತ್ತ ಮೆಲ್ಲಗೆ ಕುರ್ಚಿಯಲ್ಲಿ ಕುಸಿದ. ಅವನ ತುಟಿ ಅಲುಗಿತು, ಆದರೆ ಬದುಕಿನಲ್ಲಿ ಮೊದಲ ಸಲ ಬಾಬಿನ್ ಆಡಿದ್ದು ಯಾರಿಗೂ ಕೇಳಿಸಲಿಲ್ಲ. ಮೇಸ್ತ್ರಿಯೊಬ್ಬನಿಗೆ ಕೇಳಿಸಿತು. ಅವನು ತಲೆ ತಗ್ಗಿಸಿದ.