ಡಿ'ಕ್ರೂಜ್ ಅಜ್ಜಿಗೆ ತಲುಪದ ಮೆಸೇಜು

"ಮೇಡಂ, ಹೆಸರಿನ ಒಳಗೇ ಒಂದು ಕೋಟ್ ಮಾರ್ಕ್ ಬಂದ್ರೆ ನಿಮ್ಮ ಕೋಡ್ ಏನ್ ಮಾಡುತ್ತೆ?"

ಇಂದಿರಾನಗರದ ಆ ಪುಟ್ಟ ಆಫೀಸಿಗೆ ಅಂದೇ ಸೇರಿದ್ದ ಸುಗತ ಎಲ್ಲರೆದುರು ಹಾಗೆ ಕೇಳಿದಾಗ ಹಂಸಳ ಕಿವಿ ಬಿಸಿಯಾಯಿತು.

"ಎರಡು ವರ್ಷದಿಂದ ಓಡ್ತಾ ಇದೆ ರೀ. ನೀವು ಮೊದ್ಲು ಕೂತ್ಕೊಳ್ಳಿ!"

ಆಸ್ಪತ್ರೆಯವರು ಬರೆದುಕೊಡುವ ಸಣ್ಣ ಸಣ್ಣ ಸೂತ್ರಗಳನ್ನು ಓದಿ ರೋಗಿಗಳಿಗೆ ಮೆಸೇಜು ಕಳಿಸುವ ಇಂಟರ್‌ಪ್ರಿಟರ್ ಎಂಬ ಪ್ರೋಗ್ರಾಂ ಅದು. ಎರಡು ಕೋಟ್‌ಗಳ ನಡುವೆ ಬರೆದ ಹೆಸರು, ಮಾತುಗಳನ್ನು ಓದುವ ಭಾಗವನ್ನು ಬರೆದವಳು ಹಂಸ. ಅವಳ ಹೆಮ್ಮೆಯೂ ಅದೇ.

ಆರು ತಿಂಗಳಲ್ಲಿ 'ಮೇಡಂ' ಹೋಗಿ 'ನೀನು' ಬಂತು. ಹೊರಮಾವಿನ ಮನೆಯಿಂದ ಅವನ ಅಮ್ಮ ಕಟ್ಟಿಕೊಡುವ ಹುಳಿಸಾರಿನಲ್ಲಿ ಅವಳಿಗೂ ಪಾಲು. ಇದು ಬರೀ ಸ್ನೇಹವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು... ಯಾರೂ ಬಾಯಿಬಿಟ್ಟಿರಲಿಲ್ಲ. ಆದರೆ ಅವನು ತೋರಿಸಿದ ತಪ್ಪನ್ನು ಮಾತ್ರ ಅವಳು ತಿದ್ದಿರಲಿಲ್ಲ.

ಒಂದು ಸೋಮವಾರ ಮ್ಯಾನೇಜರ್ ಜಾಫರ್ ಎಲ್ಲರನ್ನೂ ಕರೆದರು. ಶಿವಾಜಿನಗರದ ಡಿ'ಕ್ರೂಜ್ ಎಂಬ ಅಜ್ಜಿಗೆ 'ಆಪರೇಷನ್ ಮುಂದಕ್ಕೆ ಹೋಗಿದೆ' ಎಂಬ ಮೆಸೇಜು ಹೋಗಿರಲಿಲ್ಲ. ಪಾಪ, ಉಪವಾಸವಿದ್ದು ಬಂದವರು ತಲೆಸುತ್ತಿ ಬಿದ್ದಿದ್ದರು. 'ಡಿ' ಪಕ್ಕದ ಗುರುತು ಕಂಡಿದ್ದೇ ಹೆಸರು ಅಲ್ಲಿಗೇ ಮುಗಿಯಿತೆಂದು ಪ್ರೋಗ್ರಾಂ ಕೆಟ್ಟು ನಿಂತಿತ್ತು.

"ಆ ಫೈಲ್ ಕೊನೇಲಿ ಮುಟ್ಟಿದ್ದು ಸುಗತ ಅಲ್ವಾ?" ಜಾಫರ್ ಕೇಳಿದರು.

ಸುಗತ ಹಂಸಳತ್ತ ನೋಡಿದ.

ಹೇಳು ಹಂಸಾ... ಒಂದೇ ಮಾತು! ಎಂದಿತು ಅವಳ ಮನಸ್ಸು.

ಅವಳು ತಲೆ ಎತ್ತಲಿಲ್ಲ.

"ಹೌದು ಸರ್," ಎಂದ ಅವನು. ಅಂದೇ ಅವನನ್ನು ಆ ಆಸ್ಪತ್ರೆಯ ಕೆಲಸದಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಿದರು.

ಎರಡು ದಿನ ಹಂಸಳಿಗೆ ಅನ್ನ ಇಳಿಯಲಿಲ್ಲ. ಕನ್ನಡಿಯ ಮುಂದೆ ನಿಲ್ಲುವುದಕ್ಕೂ ನಾಚಿಕೆ. ಛೀ... ಇಷ್ಟು ಅಗ್ಗದವಳಾ ನಾನು?

ಬುಧವಾರ ಮೀಟಿಂಗಿನಲ್ಲಿ ಎದ್ದು ನಿಂತಳು.

"ಸರ್, ತಪ್ಪು ನಂದು. ಸುಗತ ಮೊದಲನೇ ದಿನಾನೇ ಹೇಳಿದ್ರು. ಸೋಮವಾರ ಹೆದ್ರಿಕೊಂಡು ಸುಮ್ನಿದ್ಬಿಟ್ಟೆ."

ಮೀಟಿಂಗ್ ಮುಗಿದ ಮೇಲೆ ಜಾಫರ್ ಅವರಿಂದ ಅಜ್ಜಿಯ ವಿಳಾಸ ಕೇಳಿ ಪಡೆದಳು. 

ಸಂಜೆ ಡಿ'ಕ್ರೂಜ್ ಅಜ್ಜಿಯ ಮನೆಗೆಂದು ಹೊರಟವಳು ರಸೆಲ್ ಮಾರುಕಟ್ಟೆಯಲ್ಲಿ ಕಿತ್ತಳೆ ಆರಿಸುತ್ತಿದ್ದಾಗ ಹಿಂದಿನಿಂದ ಪರಿಚಯದ ದನಿ.

"ಅಜ್ಜಿ ಹತ್ರ ಹೋಗ್ತಿದ್ದೀಯಂತೆ. ಜಾಫರ್ ಸರ್ ಹೇಳಿದ್ರು."

"ಸುಗತ... ಕೋಪ ಇದ್ಯಾ?"

"ಇದೆ. ಆ ಕೆಲಸ ಕೈತಪ್ಪಿದ್ದಕ್ಕಲ್ಲ. ನಾನು ನೋಡಿದಾಗ ನೀನು ನೋಡ್ಲಿಲ್ವಲ್ಲ... ಅದಕ್ಕೆ."

ಅವಳ ಕಣ್ಣು ತುಂಬಿತು.

"ಹೇಳೋ ಯೋಗ್ಯತೆ ನಂಗಿಲ್ಲ. ಆದ್ರೂ ಹೇಳ್ತೀನಿ. ನೀನಂದ್ರೆ ನಂಗೆ ಪ್ರಾಣ ಕಣೋ..."

 ಅವನು ಅವಳ ಕೈಯಿಂದ ಹಣ್ಣಿನ ಚೀಲ ತೆಗೆದುಕೊಂಡ.

"ಅಜ್ಜಿ ಚೆನ್ನಾಗಿ ಬೈತಾರೆ, ಗೊತ್ತಾ?"

"ಬೈಸ್ಕೋತೀನಿ."

"ಒಬ್ಳೇ ಯಾಕೆ? ಬಾ, ಇಬ್ರೂ ಬೈಸ್ಕೊಳ್ಳೋಣ."