ಯಾರ ಹೊಲದ ಮಣ್ಣು

"ಗುದ್ದಲಿ ಹಾಕೋಕಿಂತ ಮೊದಲ ನಿಮ್ಮ ಹೊಲದ ಮಣ್ಣು ಒಂದು ಹಿಡಿ ಒಡ್ಡಿಗೆ ಹಾಕ್ರಿ ಅಕ್ಕೋರ. ಯಾರ ಹೊಲದ್ದಂತ ಬಾಯಿಬಿಟ್ಟು ಹೇಳ್ರಿ. ನೀವು ತಗೊಂಡಷ್ಟು ಅದು ಆ ಹೊಲದಾಗಿಂದ ತಗೋತದ," ಎಂದಳು ಪಕ್ಕದ ಹೊಲದ ಮುದುಕಿ ಬಾಳಮ್ಮ.

ವಿದ್ಯಾವತಿ ನಕ್ಕಳು. ಗೊಬ್ಬೂರಿನ ಹೊರಗೆ, ತೊಗರಿಯ ನಡುವೆ ಬಾಗಿ ಮಲಗಿದ್ದ ಆ ಮಣ್ಣಿನ ಒಡ್ಡನ್ನು ಸಾವಿರಾರು ವರ್ಷಗಳ ಹಿಂದೆ ಯಾರೋ ಶತ್ರುಗಳಿಗೆ ಹೆದರಿ ಕಟ್ಟಿಕೊಂಡಿದ್ದರು. ಈಗ ಅದು ಸಂರಕ್ಷಿತ ಸ್ಮಾರಕ. ಅದರ ವಯಸ್ಸು ತಿಳಿಯಲು ಮಣ್ಣು ತೆಗೆಯುವ ಪರವಾನಗಿ ಅವಳ ಚೀಲದಲ್ಲಿತ್ತು. ಕಟ್ಟಿದವರು ಬುಡದಲ್ಲಿ ಮಾಟ ಹೂತಿದ್ದಾರೆಂದು ಊರಲ್ಲಿ ನಂಬಿಕೆ. ದನ ಕಾಯುವವರೂ ಅದರ ಮಣ್ಣು ಅಂಟಿ ಬಾರದಂತೆ, ಇಳಿಯುವಾಗ ಚಪ್ಪಲಿ ಕೊಡವಿ ಇಳಿಯುತ್ತಿದ್ದರು.

"ನಮಗ ಹೊಲಾನ ಇಲ್ಲ ಆಯಿ." ವಿದ್ಯಾವತಿ, ಮನೆಯಲ್ಲಿ ನೋಡುವವರಿಲ್ಲದೆ ಜೊತೆಗೆ ಕರೆತಂದಿದ್ದ ನಾಲ್ಕು ವರ್ಷದ ಮಗಳು ಭಾಗ್ಯಜ್ಯೋತಿಯ ಬೂಟು ಬಿಚ್ಚಿ, ಧೂಳನ್ನು ಒಡ್ಡಿನ ಮೇಲೆ ಝಾಡಿಸಿದಳು. "ತಗೋ. ಇಕಿನ ನನ್ನ ಹೊಲ."

ಬಾಳಮ್ಮ ಅಗಿಯುತ್ತಿದ್ದ ಎಲೆಯನ್ನು ಉಗುಳಿದಳು.

ವಿದ್ಯಾವತಿ ಗುಂಡಿ ತೋಡಿದಳು. ಕೊಡದ ಬಾಯಷ್ಟು ಅಗಲ, ಮೊಳದಷ್ಟು ಆಳ. ತೆಗೆದ ಮಣ್ಣನ್ನು ತೂಗಿ ಬರೆಯುವುದು ಕೆಲಸದ ಕ್ರಮ. ಹದಿನೆಂಟು ಕಿಲೋ. ಚೀಲಗಳು ಪರೀಕ್ಷೆಗೆ ಹೋದವು.

ಮೂರನೇ ದಿನ ಮಗಳ ಬಾಯಿಂದ ಹಸಿ ಎರೆಮಣ್ಣಿನ ವಾಸನೆ ಬಂತು. ಜ್ವರವಿಲ್ಲ. ರೊಟ್ಟಿ, ಹಾಲು ಎಲ್ಲವನ್ನೂ ತಿನ್ನುತ್ತಿದ್ದಳು. ಹದಿನಾರು ಕಿಲೋ ಇದ್ದವಳು ಹದಿಮೂರಾದಳು, ಹತ್ತಾದಳು. ಡಾಕ್ಟರು ತೂಕದ ಯಂತ್ರವನ್ನೇ ಎರಡು ಸಲ ಬದಲಿಸಿದರು. ಅಲ್ಲೇ, ಆಸ್ಪತ್ರೆಯ ಬೆಂಚಿನ ಮೇಲೆ, ವಿದ್ಯಾವತಿಗೆ ಲೆಕ್ಕ ಹೊಳೆಯಿತು. ಗುಂಡಿಯ ಹದಿನೆಂಟು ಕಿಲೋ ತುಂಬಲು ಮಗಳ ಹದಿನಾರು ಸಾಲದು. ಮಣ್ಣು ವಾಪಸು ಕೊಡಿ ಎಂದು ಪ್ರಯೋಗಾಲಯಕ್ಕೆ ಫೋನು ಮಾಡಿದಳು. ಅದನ್ನು ಆಮ್ಲದಲ್ಲಿ ತೊಳೆದು ಚೆಲ್ಲಿಯಾಗಿತ್ತು.

ಹತ್ತನೇ ದಿನ, ಸುಡುವ ಮಧ್ಯಾಹ್ನ, ಏಳು ಕಿಲೋ ಉಳಿದಿದ್ದ ಮಗಳನ್ನು ಎತ್ತಿಕೊಂಡು ಒಡ್ಡು ಹತ್ತಿದಳು. ಒಂದು ಹಕ್ಕಿಯ ದನಿಯಿಲ್ಲ. ಯಾರೂ ಮುಚ್ಚದಿದ್ದ ಗುಂಡಿ ಅರ್ಧ ತುಂಬಿತ್ತು. ನುಣ್ಣನೆಯ, ಬೆಚ್ಚಗಿನ ಮಣ್ಣು. ಬಗ್ಗಿ ಮೂಸಿದಳು. ಕೊಬ್ಬರಿ ಎಣ್ಣೆ, ಪೌಡರು. ಮಗಳ ನೆತ್ತಿಯ ವಾಸನೆ.

ಬಾಳಮ್ಮನ ಹೊಲದಿಂದ ಬುಟ್ಟಿ ಮಣ್ಣು ತಂದು ಸುರಿದಳು. ಅದು ಸೋರಿ ಎಲ್ಲಿಗೋ ಇಳಿದುಹೋಯಿತು. ಗುಂಡಿ ಇದ್ದಷ್ಟೇ ಇತ್ತು. ತನ್ನ ತೋಳನ್ನು ಮೊಣಕೈವರೆಗೆ ಒಳಗೆ ಇಳಿಸಿದಳು.

"ನನ್ನ ತಗೋ."

ಏನೂ ಆಗಲಿಲ್ಲ.

"ಹೊಲ ತೋರಿಸಿದವರು ನೀವು," ಹಿಂದೆಯೇ ಒಡ್ಡು ಹತ್ತಿ ಬಂದು ಮಗುವನ್ನು ಮಡಿಲಿಗೆ ತೆಗೆದುಕೊಂಡಿದ್ದ ಬಾಳಮ್ಮ ಮೆಲ್ಲಗೆ ಹೇಳಿದಳು. "ಒಡ್ಡಿಗೆ ಚೇಷ್ಟಿ ತಿಳಿಯೂದಿಲ್ರಿ."

ಹಾಗಾದರೆ ಒಡ್ಡು ಮಗಳಿಂದ ತೆಗೆದುಕೊಂಡದ್ದನ್ನು ತಿರುಗಿ ತೆಗೆದುಕೊಳ್ಳಬೇಕು. ವಿದ್ಯಾವತಿ ಬುಟ್ಟಿಯ ಜೊತೆ ತಂದಿದ್ದ ಗುದ್ದಲಿಯನ್ನು ಗುಂಡಿಯ ಮೇಲೆ ಎತ್ತಿದಳು. ಹೊಡೆದಳು. ಹಿಂದೆ ಮಗಳು ಚೀರಿದಳು. ಮತ್ತೆ ಹೊಡೆದಳು. ಮತ್ತೆ ಚೀರಿದಳು. ಮೂರನೇ ಏಟಿಗೆ ದನಿ ಬರಲಿಲ್ಲ. ತಿರುಗಿ ನೋಡಿದಳು. ಮಗಳ ಬಾಯಿ ತೆರೆದೇ ಇತ್ತು. ತುಟಿಯ ಅಂಚಿನಿಂದ ಕರಿಮಣ್ಣು ಸಣ್ಣಗೆ ಉದುರುತ್ತಿತ್ತು.

ಗುದ್ದಲಿ ಕೈಯಲ್ಲೇ ಉಳಿಯಿತು. ಅಗೆಯುವಂತಿಲ್ಲ. ಬಿಡುವಂತಿಲ್ಲ.

ಗುಂಡಿ ತುಂಬಲು ಇನ್ನೂ ಒಂದು ಗೇಣು ಬಾಕಿ ಇತ್ತು.