ಸತ್ತವರು ಸಹಿ ಹಾಕಿದ ವೋಚರ್

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ೧೦.೪೦. ನಿಟ್ಟೂರಿನ ಕಲ್ಲಮ್ಮ ತುಮಕೂರಿನ ಠಾಣೆಗೆ ಬಂದು, ಇನ್ಸ್‌ಪೆಕ್ಟರ್ ಲಕ್ಷ್ಮೀನರಸಿಂಹಯ್ಯನವರ ಮೇಜಿನ ಮೇಲೆ ಖಾಸಗಿ ಆಸ್ಪತ್ರೆಯೊಂದರ ರಸೀದಿ ಇಟ್ಟರು.

"ನಮ್ಮೆಜಮಾನ್ರನ್ನ ಸೇರಿಸ್ವಾಗ ಮೂವತ್ತು ಸಾವಿರ ಅಡ್ವಾನ್ಸ್ ಕಟ್ಟಿದ್ವಿ ಸ್ವಾಮಿ. ಮಾರನೇ ದಿನ್ವೇ ಹೋಗ್ಬುಟ್ರು. ಬಿಲ್ ಕಳೆದು ಹನ್ನೆರಡು ಸಾವಿರ ವಾಪಸ್ ಬರ್ಬೇಕು. ಕೇಳುದ್ರೆ, ನಿಮ್ಮೆಜಮಾನ್ರೇ ಸಹಿ ಹಾಕಿ ಈಸ್ಕೊಂಡವ್ರೆ ಅಂತಾರೆ."

"ಯಾವತ್ತು?"

"ತಿಥಿ ಮುಗಿದ ಮೂರನೇ ದಿನಕ್ಕೆ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇನ್ಸ್‌ಪೆಕ್ಟರ್, ಕಾನ್‌ಸ್ಟೇಬಲ್ ಚನ್ನೇಶನ ಜೊತೆ ಆಸ್ಪತ್ರೆಯ ಲೆಕ್ಕಪತ್ರ ವಿಭಾಗಕ್ಕೆ ಹೋಗಿ ಅಡ್ವಾನ್ಸ್ ವಾಪಸ್ ಕೊಟ್ಟ ಮೂರು ವರ್ಷದ ವೋಚರುಗಳನ್ನು ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಕಲ್ಲಮ್ಮ ಹೇಳಿದಂಥವು ನಲವತ್ತೊಂದು ಸಿಕ್ಕವು. ಎಲ್ಲವೂ ತೀರಿಕೊಂಡವರ ಹೆಸರಿನವು, ಎಲ್ಲಕ್ಕೂ ಅವರದೇ ಸಹಿ! ಆಡಿಟರಿಗೆ ಸಹಿ ಇದ್ದರಾಯಿತು, ಹಾಕಿದವನು ಬದುಕಿದ್ದಾನೋ ಇಲ್ಲವೋ ಯಾರಿಗೆ ಬೇಕು?

ಹೆಣ ಹೊತ್ತು ಹೋದ ಮನೆಯವರು ಉಳಿದ ದುಡ್ಡಿಗೆ ಆ ಮೆಟ್ಟಿಲು ಮತ್ತೆ ಹತ್ತುವುದಿಲ್ಲ. ತಾಯಿ ಸತ್ತಾಗ ಲಕ್ಷ್ಮೀನರಸಿಂಹಯ್ಯನವರೂ ಹೋಗಿರಲಿಲ್ಲ. ಇದನ್ನು ಬಲ್ಲವನು ಆಸ್ಪತ್ರೆಯ ಅಕೌಂಟೆಂಟ್ ಸದಾಶಿವಯ್ಯ. ವೋಚರುಗಳೆಲ್ಲ ಅವನ ಕೈಬರಹದವೇ.

ದುಡ್ಡು ಎಲ್ಲಿಗೆ ಹೋಯಿತು? ಚನ್ನೇಶ ಆಸ್ಪತ್ರೆ ಪಕ್ಕದ ಬ್ಯಾಂಕಿನಲ್ಲಿ ಎರಡು ದಿನ ಕೂತು, ಅದೇ ಕೈಬರಹದ ಹಣ ಕಟ್ಟಿದ ಚಲನ್ ಹುಡುಕಿದ. ಪ್ರತಿ ವೋಚರಿನ ಮಾರನೇ ದಿನ ಕುಣಿಗಲ್‌ನ ಬೆಟ್ಟಸ್ವಾಮಿ ಎಂಬುವನ ಖಾತೆಗೆ ನಗದು ಜಮೆಯಾಗಿತ್ತು.

ಮಾರ್ಚ್ ೧೪ರಂದು ಇಬ್ಬರೂ ಕುಣಿಗಲ್‌ಗೆ ಹೋದರು. ಬೆಟ್ಟಸ್ವಾಮಿ ಪಂಕ್ಚರ್ ಅಂಗಡಿಯವನು. ಖಾತೆಗೆ ಬೀಳುವ ದುಡ್ಡು ಯಾರದೆಂದು ಇನ್ಸ್‌ಪೆಕ್ಟರ್ ಕೇಳಿದರು.

"ಆಸ್ಪತ್ರೆಯವ್ರು ಮಗಳ ಓದಿಗೆ ಕಳಿಸ್ತಾರೆ ಸಾರ್. ಕ್ಯಾತ್ಸಂದ್ರದ ಹಾಸ್ಟೆಲ್‌ನಾಗೆ ಅವ್ಳೆ, ನರ್ಸಿಂಗು."

"ಯಾಕೆ ಕಳಿಸ್ತಾರೆ?"

"ನಮ್ಮೋಳಿಗೆ, ಅವ್ಳ ಅವ್ವಂಗೆ, ಹಾವು ಕಚ್ಚಿತ್ತು. ಇಪ್ಪತ್ತೈದು ಸಾವಿರ ಕಟ್ಟುದ್ರೇ ಒಳಕ್ಕೆ ಅಂದ್ರು ಕೌಂಟರಿನೋರು. ನನ್ ತಾವ ಆರು ಸಾವ್ರ ಇತ್ತು. ದುಡ್ಡು ತರಾಕ್ ಹೋದೆ. ಬರೋವಷ್ಟ್ರಲ್ಲಿ ಬೆಂಚ್ ಮೇಲೇ..." ಅವನು ಟ್ಯೂಬ್ ಉಜ್ಜತೊಡಗಿದ. "ಅದುಕ್ಕೇ ಕಳಿಸ್ತಾರೇನೋ, ಪುಣ್ಯಾತ್ಮರು."

ಸಂಜೆ ೫.೧೫ಕ್ಕೆ ಸದಾಶಿವಯ್ಯನನ್ನು ಬಂಧಿಸಲಾಯಿತು. ಅವನು ಏನನ್ನೂ ಮುಚ್ಚಿಡಲಿಲ್ಲ.

"ಕೌಂಟರ್‌ನಲ್ಲಿ ಆವತ್ತು ನಾನೇ ಇದ್ದೆ ಸಾರ್. ರೂಲ್ಸು ಅಂದೆ. ಡಾಕ್ಟರಿಗೆ ಒಂದು ಫೋನ್ ಮಾಡಿದ್ರೆ ಆಗ್ತಿತ್ತು, ಮಾಡ್ಲಿಲ್ಲ. ಆಯಮ್ಮನ್ನ ಕೊಂದಿದ್ದು ನಾನೇ."

"ಸಂಬಳ ಬರ್ತಿತ್ತಲ್ಲಯ್ಯಾ. ಅದರಲ್ಲಿ ಕೊಡೋಕೇನು ರೋಗ?"

"ಸಂಬಳ ಹೆಂಡ್ತಿ ಕೈಗೆ ಕೊಡ್ತೀನಿ. ಯಾರಿಗೆ ಕೊಟ್ಟೆ, ಯಾಕೆ ಕೊಟ್ಟೆ ಅಂತ ಕೇಳ್ತಾಳೆ. ಹೇಳೋಕೆ ಬಾಯಿ ಬರ್ಲಿಲ್ಲ."

ಇನ್ಸ್‌ಪೆಕ್ಟರಿಗೆ ಸಿಟ್ಟು ಬಂತು. ಅಲ್ಲಾ, ಪಾಪ ತೊಳೆಯುವುದಕ್ಕೂ ಕಂಡವರ ನೀರೇ ಬೇಕಾಯಿತೇ ಈ ಮನುಷ್ಯನಿಗೆ?

"ಬಂಧನದ ವಿಷಯ ಮನೆಯವರಿಗೆ ತಿಳಿಸ್ಬೇಕು. ನಂಬರ್ ಹೇಳು."

ಸದಾಶಿವಯ್ಯ ಹೇಳಿದ. ಆಮೇಲೆ ಕೈಮುಗಿದ. "ಕಳ್ಳತನ ಅಂತಷ್ಟೇ ಹೇಳಿ ಸಾರ್. ಆಯಮ್ಮನ ವಿಷಯ ಬೇಡ."

ಲಕ್ಷ್ಮೀನರಸಿಂಹಯ್ಯ ಫೋನ್ ಮಾಡಿ ಅಷ್ಟೇ ಹೇಳಿದರು. ಆ ಕಡೆಯಿಂದ ಹೆಂಡತಿಯ ದನಿ ಕೇಳಿತು:

"ಮನೆಗೆ ಒಂದು ರೂಪಾಯಿ ಜಾಸ್ತಿ ತಂದಿಲ್ವಲ್ಲ ಸಾರ್. ಯಾರಿಗೆ ಕೊಟ್ರಂತೆ?"

ಇನ್ಸ್‌ಪೆಕ್ಟರ್ ಫೋನನ್ನು ಸದಾಶಿವಯ್ಯನ ಕೈಗೆ ಕೊಟ್ಟರು.